ಹೋದವರು, ಉಳಿದವರು, ನಡುವೆ ಕೆಟ್ಟ ಪ್ರೋಟೀನ್: ಒಂದು ಪ್ರಕರಣ ಅಧ್ಯಯನ

ಒಬ್ಬ ವಿಜ್ಞಾನಿ ದೇಶ ಬಿಟ್ಟು ದೇಶಕ್ಕೆ ಹೋದರೆ ಸಂಶೋಧನೆಗೆ ಲಾಭವೋ ನಷ್ಟವೋ? ಈ ಪ್ರಶ್ನೆಗೆ ಎರಡು ರೆಡಿಮೇಡ್ ಉತ್ತರಗಳಿವೆ. ಒಂದು, ಪ್ರತಿಭಾ ಪಲಾಯನ, ಬೆಳೆಸಿದವರು ಕೈತಪ್ಪಿದರು. ಇನ್ನೊಂದು, ಹೊರಗೆ ಹೋದವರೇ ಬೆಳೆಯೋದು, ಹೋಗಲಿ ಬಿಡಿ. ನಾನು ಹತ್ತಿರದಿಂದ ನೋಡಿದ ಈ ಪ್ರಕರಣ ಎರಡಕ್ಕೂ ಸರಿಯಾಗಿ ಹೊಂದುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಜ್ಞಾನಿಯನ್ನು ಇಲ್ಲಿ ‘ಎನ್’ ಎಂದು ಕರೆಯುತ್ತೇನೆ. ದೇಶ, ಸಂಸ್ಥೆ, ಪ್ರೋಟೀನು ಯಾವುದರ ಹೆಸರೂ ಇಲ್ಲ. ಪ್ರೋಟೀನಿನ ಹೆಸರು ಹೇಳಿದರೆ ಸಾಕು, ಆ ಕ್ಷೇತ್ರದವರು ಎಲ್ಲರನ್ನೂ ಗುರುತು ಹಿಡಿದುಬಿಡುತ್ತಾರೆ. ಕೆಲವು ಸಣ್ಣ ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಎನ್ ಕೆಲಸಕ್ಕಿದ್ದ ಸಂಸ್ಥೆಯ ಪರಿಶೀಲನಾ ಸಮಿತಿಯಲ್ಲಿ ನಾನಿದ್ದೆ. ಹಾಗಾಗಿ ಎರಡೂ ಕಡೆಯ ಕಾಗದಪತ್ರ ನೋಡಲು ಸಿಕ್ಕಿತು, ಎಲ್ಲರ ಜೊತೆ ಮಾತಾಡಲೂ ಸಿಕ್ಕಿತು.

ಹಿನ್ನೆಲೆ

ಎನ್ ಅವರ ಕ್ಷೇತ್ರ ಪೊರೆ ಪ್ರೋಟೀನುಗಳ ರಚನೆ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೂತು, ಒಳಗೆ ಬಂದ ಆಂಟಿಬಯೋಟಿಕ್ಕನ್ನು ಪಂಪಿನ ಹಾಗೆ ಹೊರಗೆ ತಳ್ಳುವ ಪ್ರೋಟೀನುಗಳಿವೆ. ಅವುಗಳ ಆಕಾರ ಸರಿಯಾಗಿ ಗೊತ್ತಾದರೆ ಔಷಧಿ ಯಾಕೆ ನಾಟುತ್ತಿಲ್ಲ ಅನ್ನೋದು ಸ್ವಲ್ಪ ಅರ್ಥವಾಗುತ್ತದೆ. ಇದಕ್ಕೆ ಈಗ ಎಲ್ಲರೂ ಬಳಸುವ ದಾರಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಅಂದರೆ ಮಾದರಿಯನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನುಗಳಿಂದ ಚಿತ್ರ ತೆಗೆಯುವ ಯಂತ್ರ. ಈ ತಂತ್ರವನ್ನು ಬೆಳೆಸಿದ್ದಕ್ಕೆ 2017ರಲ್ಲಿ ಜಾಕ್ ಡುಬೋಶೆ, ಜೋಕಿಮ್ ಫ್ರಾಂಕ್, ರಿಚರ್ಡ್ ಹೆಂಡರ್ಸನ್ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಇವರಲ್ಲಿ ಫ್ರಾಂಕ್ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. ಡುಬೋಶೆ ಸ್ವಿಟ್ಜರ್ಲೆಂಡಿನವರು. ಆದರೆ ನೀರನ್ನು ಹರಳುಗಟ್ಟಲು ಬಿಡದೆ ಗಾಜಿನ ಸ್ಥಿತಿಯಲ್ಲೇ ಹೆಪ್ಪುಗಟ್ಟಿಸುವ ವಿಧಾನವನ್ನು ಅವರು ಕಂಡುಕೊಂಡಿದ್ದು ಜರ್ಮನಿಯ ಹೈಡಲ್‌ಬರ್ಗಿನಲ್ಲಿ. ಅಂದರೆ ಈ ತಂತ್ರವೇ ಗಡಿ ದಾಟಿದವರ ಕೈಯಲ್ಲಿ ಬೆಳೆದದ್ದು.

ಎನ್ ಪಿಎಚ್‌ಡಿ ಮಾಡಿದ ಲ್ಯಾಬ್ ಪ್ರೋಟೀನ್ ತಯಾರಿಸುವುದರಲ್ಲಿ ಎತ್ತಿದ ಕೈ. ಬೇರೆಯವರು ಕೈಬಿಟ್ಟ ಮೊಂಡು ಪ್ರೋಟೀನುಗಳೂ ಅಲ್ಲಿ ಶುದ್ಧವಾಗಿ ಬರುತ್ತಿದ್ದವು. ಆದರೆ ಒಳ್ಳೆಯ ಮೈಕ್ರೋಸ್ಕೋಪ್ ಇರಲಿಲ್ಲ. ಪಿಎಚ್‌ಡಿ ಮುಗಿದ ಮೇಲೆ ಎನ್‌ಗೆ ಅದೇ ಸಂಸ್ಥೆಯಲ್ಲಿ ಕಿರಿಯ ವಿಜ್ಞಾನಿಯ ಹುದ್ದೆ ಸಿಕ್ಕಿತು. ಅಲ್ಲಿಯವರೆಗಿನ ಪೇಪರುಗಳಲ್ಲಿ ನಾಲ್ಕೈದು ಹೆಸರು, ಪ್ರತಿ ಸಲ ಅವೇ ಹೆಸರು, ಎಲ್ಲರೂ ಒಂದೇ ಆವರಣದವರು. ಅವರಲ್ಲಿ ಪಕ್ಕದ ವಿಭಾಗದ ಒಬ್ಬ ಸೂಕ್ಷ್ಮಜೀವಿ ತಜ್ಞರೂ ಇದ್ದರು. ಅವರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಮೇಲೆ ಎನ್‌ಗೆ ಎರಡು ವರ್ಷದ ವಿದೇಶಿ ಫೆಲೋಶಿಪ್ ಬಂತು. ಇಂಥ ಫೆಲೋಶಿಪ್‌ಗಳಲ್ಲಿ ಜಾಗ ಬದಲಿಸುವುದೇ ಷರತ್ತು. ಯುರೋಪಿಯನ್ ಒಕ್ಕೂಟದ ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ಫೆಲೋಶಿಪ್ ನೋಡಿ. ಅರ್ಜಿಯ ಕೊನೆಯ ದಿನಕ್ಕೆ ಮುಂಚಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಆತಿಥೇಯ ದೇಶದಲ್ಲಿ ಇದ್ದಿರಬಾರದು. ಎನ್‌ಗೆ ಸಿಕ್ಕಿದ್ದು ಬೇರೆ ಫೆಲೋಶಿಪ್, ತರ್ಕ ಮಾತ್ರ ಅದೇ. ಹೊಸ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಇತ್ತು, ಚಿತ್ರಗಳನ್ನು ಸಂಸ್ಕರಿಸುವ ಪರಿಣತರೂ ಇದ್ದರು. ಹಳೇ ಲ್ಯಾಬಿನ ಪ್ರೋಟೀನು, ಹೊಸ ಲ್ಯಾಬಿನ ಯಂತ್ರ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕಾ? ಸಂಸ್ಥೆ ಹುದ್ದೆ ಉಳಿಸಿ ರಜೆ ಕೊಟ್ಟಿತು. ಹಳೇ ಲ್ಯಾಬಿನ ಮುಖ್ಯಸ್ಥರು, ಇಲ್ಲಿ ಗುರು ಅನ್ನೋಣ, ಒಪ್ಪಿದರು. ಮನಸ್ಸಿಲ್ಲದ ಮನಸ್ಸಿನಿಂದ ಅಂತ ಅವರೇ ಆಮೇಲೆ ಹೇಳಿದರು.

ಎರಡೂ ಕಡೆ ನಿಂತ ಕೆಲಸ

ಒಂದೂವರೆ ವರ್ಷ ಒಂದು ಪೇಪರೂ ಬರಲಿಲ್ಲ. ಎನ್ ಕಡೆಯಿಂದಲೂ ಇಲ್ಲ, ಹಳೇ ಲ್ಯಾಬಿನಿಂದಲೂ ಇಲ್ಲ.

ಎನ್ ಕಡೆಯದು ಊಹಿಸಬಹುದಾದದ್ದೇ. ವೀಸಾ, ಮನೆ, ಸುರಕ್ಷತಾ ತರಬೇತಿ, ಮೈಕ್ರೋಸ್ಕೋಪಿನ ಸರದಿ. ಯಾರನ್ನೇ ಕೇಳಿ, ಮೊದಲ ಆರೇಳು ತಿಂಗಳು ಹೀಗೇ ಹೋಗುತ್ತದೆ. ಆದರೆ ಅದಾದ ಮೇಲೂ ಕೆಲಸ ಏಳಲಿಲ್ಲ. ಎನ್ ಹಳೇ ಲ್ಯಾಬಿನಲ್ಲಿ ಕಣ್ಣು ಮುಚ್ಚಿ ಮಾಡುತ್ತಿದ್ದ ಪ್ರೋಟೀನು ಹೊಸ ಲ್ಯಾಬಿನಲ್ಲಿ ಉಂಡೆಗಟ್ಟಿ ಕೆಡುತ್ತಿತ್ತು. ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಕೊಳವೆಯಿಂದ (ಕಾಲಮ್) ಬರುವ ಗ್ರಾಫಿನಲ್ಲಿ ಒಂದೇ ಚೂಪಾದ ಶಿಖರ ಇರಬೇಕು. ಅದರ ಬದಲು ಶುರುವಿನಲ್ಲೇ ದಪ್ಪ ಗುಡ್ಡ. ಅಂದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಎಲ್ಲಕ್ಕಿಂತ ಮುಂಚೆ ಹೊರಬರುತ್ತಿವೆ.

ಯಾರೂ ನಿರೀಕ್ಷಿಸದೇ ಇದ್ದದ್ದು ಇನ್ನೊಂದು ಕಡೆ ನಡೆಯಿತು. ಹಳೇ ಲ್ಯಾಬಿನಲ್ಲೂ ಅದೇ ಪ್ರೋಟೀನು ಕೆಡತೊಡಗಿತು. ಅದೇ ಕೋಣೆ, ಅದೇ ಉಪಕರಣ, ಅದೇ ರಾಸಾಯನಿಕ. ಎನ್ ಬರೆದಿಟ್ಟ ವಿಧಾನವನ್ನು ಇಬ್ಬರು ವಿದ್ಯಾರ್ಥಿಗಳು ಅಕ್ಷರ ಬಿಡದೆ ಅನುಸರಿಸುತ್ತಿದ್ದರು. ಹತ್ತರಲ್ಲಿ ಎರಡು ಮೂರು ಸಲ ಮಾತ್ರ ಸರಿ ಬರುತ್ತಿತ್ತು. ಯಾಕೆ ಬಂತು ಅಂತಲೂ ಗೊತ್ತಾಗುತ್ತಿರಲಿಲ್ಲ.

ಒಬ್ಬರು ಹೋದಾಗ ಹೋಗುವುದು ಒಂದು ಹುದ್ದೆಯ ಕೆಲಸ ಮಾತ್ರ ಅಂತ ನಮ್ಮ ಲೆಕ್ಕ ಇರುತ್ತದೆ. ಇಲ್ಲಿ ಒಬ್ಬರು ಹೋಗಿದ್ದಕ್ಕೆ ಎರಡು ಲ್ಯಾಬು ನಿಂತವು.

ಇದೇ ಹೊತ್ತಿಗೆ ನಮ್ಮ ಸಮಿತಿಯ ಮುಂದೆ ಎನ್ ಅವರ ಫೈಲು ಬಂತು. ನಮೂನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಕಳೆದ ಎರಡು ವರ್ಷದ ಪ್ರಕಟಣೆ ಎಷ್ಟು? ಉತ್ತರ ಸೊನ್ನೆಯ ಹತ್ತಿರ. ಒಬ್ಬ ಸದಸ್ಯರು ರಜೆ ವಿಸ್ತರಿಸುವುದು ಬೇಡ, ವಾಪಸ್ ಕರೆಸಿ ಅಂದರು. ಅವರ ಮಾತು ಅನ್ಯಾಯದ್ದೇನೂ ಆಗಿರಲಿಲ್ಲ. ಕೈಯಲ್ಲಿದ್ದ ಕಾಗದ ಹೇಳುತ್ತಿದ್ದದ್ದೇ ಅದು.

ಆಗ ಯಾರೋ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯನ್ನು ಮೇಜಿನ ಮೇಲಿಟ್ಟರು. ಕ್ಯಾಸಿಡಿ ಸುಗಿಮೊಟೊ ಮತ್ತು ಜೊತೆಗಾರರು 2008ರಿಂದ 2015ರವರೆಗೆ ಪ್ರಕಟಿಸಿದ ಸುಮಾರು 1.6 ಕೋಟಿ ಲೇಖಕರ ವಿಳಾಸಗಳನ್ನು ಹಿಂಬಾಲಿಸಿದ್ದರು. ಒಂದಕ್ಕಿಂತ ಹೆಚ್ಚು ದೇಶದಲ್ಲಿ ಕೆಲಸ ಮಾಡಿದವರು ಶೇ 4ರಷ್ಟು ಮಾತ್ರ. ಆದರೆ ಅವರ ಪೇಪರುಗಳಿಗೆ ಸಿಗುವ ಉಲ್ಲೇಖ ಬೇರೆಯವರಿಗಿಂತ ಸರಾಸರಿ ಶೇ 40ರಷ್ಟು ಜಾಸ್ತಿ. ಹಾಗಾದರೆ ಕಾಯೋಣ ಅಲ್ವಾ ಅಂದರು.

ಈ ವಾದ ನನಗೆ ಪೂರ್ತಿ ಹಿಡಿಸಲಿಲ್ಲ. ಹೋಗುವವರು ಮೊದಲೇ ಚುರುಕಾಗಿರುತ್ತಾರೆ. ಫೆಲೋಶಿಪ್ ಕೊಡುವವರು ಆರಿಸುವುದೇ ಅಂಥವರನ್ನು. ಹಾಗಾದರೆ ಆ ಶೇ 40ರಲ್ಲಿ ಪ್ರಯಾಣದ ಪಾಲೆಷ್ಟು, ಆಯ್ಕೆಯ ಪಾಲೆಷ್ಟು? ಇದನ್ನು ಬಿಡಿಸಿ ನೋಡಿದ ಜಾಣ ಕೆಲಸವೂ ಇದೆ. ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಅಲ್ಲಿಗೆ ಹೋದವರಿಗೆ ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಲೇಬೇಕು ಅನ್ನೋ ವೀಸಾ ನಿಯಮವಿದೆ. ಶುಲಮಿತ್ ಕಾನ್ ಮತ್ತು ಮೇಗನ್ ಮಗಾರ್ವಿ ಈ ನಿಯಮವನ್ನೇ ಪ್ರಯೋಗದಂತೆ ಬಳಸಿಕೊಂಡರು. ಅಮೆರಿಕದಲ್ಲಿ ಒಂದೇ ಥರದ ಪಿಎಚ್‌ಡಿ ಪಡೆದವರಲ್ಲಿ, ವಾಪಸ್ ಹೋಗಲೇಬೇಕಾದವರನ್ನೂ ಆ ಕಟ್ಟುಪಾಡು ಇಲ್ಲದವರನ್ನೂ ಹೋಲಿಸಿದರು. ಕಡಿಮೆ ಆದಾಯದ ದೇಶಗಳಿಂದ ಬಂದವರಲ್ಲಿ, ವಾಪಸ್ ಹೋಗುವ ಕಟ್ಟುಪಾಡು ಇದ್ದವರ ಸಂಶೋಧನೆ ಹಿಂದೆ ಬಿತ್ತು. ಶ್ರೀಮಂತ ದೇಶದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಜಾಗಕ್ಕೆ ನಿಜವಾಗಲೂ ಬೆಲೆ ಇದೆ, ಆದರೆ ಎಲ್ಲಿಂದ ಎಲ್ಲಿಗೆ ಅನ್ನೋದರ ಮೇಲೆ ಅದು ನಿಂತಿದೆ. ನಮ್ಮ ಸಮಿತಿಗೆ ಇದರಿಂದ ನೇರ ಉತ್ತರ ಸಿಗಲಿಲ್ಲ. ಕೊನೆಗೆ ಒಂದು ವರ್ಷದ ರಜೆ ವಿಸ್ತರಣೆಗೆ ಒಪ್ಪಿದೆವು, ಒಂದು ಷರತ್ತಿನ ಮೇಲೆ: ಹಳೇ ಲ್ಯಾಬಿನ ಪ್ರೋಟೀನ್ ಸಮಸ್ಯೆಗೆ ಎನ್ ಏನಾದರೂ ದಾರಿ ತೋರಿಸಬೇಕು.

ಮಾಡಿ ನೋಡಿದ್ದು

ವಾರಕ್ಕೊಂದು ವಿಡಿಯೋ ಕರೆ ಮೊದಲಿಂದಲೇ ಇತ್ತು. ಅದು ನಿಧಾನಕ್ಕೆ ಎರಡು ವಾರಕ್ಕೊಮ್ಮೆ ಆಯಿತು, ಆಮೇಲೆ ಏನಾದರೂ ಇದ್ದರೆ ಮಾಡೋಣ ಅಂತಾಯಿತು. ಯಾರಿಗೂ ಹೇಳಲು ಒಳ್ಳೆಯ ಸುದ್ದಿ ಇರಲಿಲ್ಲ. ಕೆಟ್ಟ ಗ್ರಾಫುಗಳನ್ನು ಪರದೆಯ ಮೇಲೆ ತೋರಿಸಿಕೊಳ್ಳಲು ಎಷ್ಟು ದಿನ ಮನಸ್ಸು ಬರುತ್ತದೆ?

ಆಮೇಲೆ ಎನ್ ವಿಧಾನವನ್ನು ಮತ್ತೆ ಕೂತು ಬರೆದರು, ಈ ಸಲ ತುಂಬಾ ಉದ್ದವಾಗಿ. ಯಾವ ಬಾಟಲಿ, ಯಾವ ಕಂಪನಿ, ಎಷ್ಟು ತಾಪಮಾನ, ಎಷ್ಟು ಹೊತ್ತು. ಅದರಿಂದ ಎರಡೂ ಕಡೆ ಗೊಂದಲ ಸ್ವಲ್ಪ ಕಡಿಮೆಯಾಯಿತು. ಪ್ರೋಟೀನು ಮಾತ್ರ ಹಾಗೇ ಕೆಡುತ್ತಿತ್ತು.

ಪ್ರೋಟೀನನ್ನೇ ಕಳಿಸಿ ನೋಡಿದ್ದೂ ಆಯಿತು. ಹಳೇ ಲ್ಯಾಬಿನಲ್ಲಿ ಅಪರೂಪಕ್ಕೆ ಸರಿ ಬಂದ ಒಂದು ಬ್ಯಾಚನ್ನು ಡ್ರೈ ಐಸಿನಲ್ಲಿ ಇಟ್ಟು ಕಳಿಸಿದರು. ಅದಕ್ಕೂ ಮುಂಚೆ ವಸ್ತು ಹಸ್ತಾಂತರ ಒಪ್ಪಂದಕ್ಕೆ ಎರಡೂ ಸಂಸ್ಥೆಗಳ ಕಾನೂನು ವಿಭಾಗ ಸಹಿ ಹಾಕಬೇಕಿತ್ತು. ಅದರಲ್ಲೇ ತಿಂಗಳುಗಳು ಹೋದವು. ಆಮೇಲೆ ಪೆಟ್ಟಿಗೆ ಕಸ್ಟಮ್ಸಿನಲ್ಲಿ ಕೂತಿತು. ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ಸದ್ದಿಲ್ಲದೆ ಗಾಳಿಯಾಗುತ್ತದೆ. ಪೆಟ್ಟಿಗೆ ತೆರೆದಾಗ ಒಳಗೆ ಒದ್ದೆ ಕೂಡ ಇರಲಿಲ್ಲ, ಬೆಚ್ಚಗಿನ ಟ್ಯೂಬುಗಳು ಮಾತ್ರ.

ಮುಂದಿನ ಯೋಚನೆ ಎಲ್ಲರಿಗೂ ಸಹಜವಾಗಿ ಹೊಳೆದದ್ದು: ಎನ್ ಒಂದು ತಿಂಗಳು ವಾಪಸ್ ಬಂದು ಕಲಿಸಿಕೊಟ್ಟು ಹೋಗಲಿ. ಗುರು ಇದನ್ನೇ ಕೇಳಿದರು, ಸಮಿತಿಗೂ ಇದೇ ಸರಿ ಅನ್ನಿಸಿತ್ತು. ಹೊಸ ಲ್ಯಾಬಿನ ಮುಖ್ಯಸ್ಥೆ ಬೇಡ ಅಂದರು. ಅವರ ವಾದ ಹೀಗಿತ್ತು. ಎನ್ ಅಲ್ಲಿಗೆ ಹೋದರೆ ಹಳೇ ಲ್ಯಾಬಿನಲ್ಲಿ ಪ್ರೋಟೀನು ಬಂದರೂ ಬರಬಹುದು, ಆದರೆ ಹೊಸ ಲ್ಯಾಬಿನಲ್ಲಿ ಯಾಕೆ ಕೆಡುತ್ತಿದೆ ಅಂತ ಗೊತ್ತಾಗುವುದಿಲ್ಲ. ಎನ್‌ಗೆ ತಾನು ಏನು ಮಾಡುತ್ತೇನೆ ಅನ್ನೋದೇ ಕಾಣುತ್ತಿಲ್ಲ. ಹೊರಗಿನ ಎರಡು ಕಣ್ಣು ಬೇಕು. ಹಳೇ ಲ್ಯಾಬಿನ ವಿದ್ಯಾರ್ಥಿಯನ್ನೇ ಇಲ್ಲಿಗೆ ಕಳಿಸಿ.

ಗುರುಗೆ ಇದು ಇಷ್ಟವಾಗಲಿಲ್ಲ. ಒಬ್ಬರನ್ನು ಕಳಿಸಿ ಈ ಗತಿ, ಇನ್ನೊಬ್ಬರನ್ನೂ ಕಳಿಸಬೇಕಾ ಅಂತ ಅವರ ಭಯ. ಆ ವಿದ್ಯಾರ್ಥಿನಿಯೂ ಅಲ್ಲೇ ಉಳಿದುಬಿಟ್ಟರೆ? ದುಡ್ಡಿನ ಪ್ರಶ್ನೆ ಬೇರೆ. ಎನ್ ಫೆಲೋಶಿಪ್ಪಿನಲ್ಲಿ ಸಮ್ಮೇಳನಕ್ಕೆ ಅಂತ ಇಟ್ಟ ಹಣವಿತ್ತು. ಅದನ್ನು ಇದಕ್ಕೆ ಬಳಸಬಹುದಾ ಅಂತ ಕೇಳಿದರೆ, ನಿಯಮದಲ್ಲಿ ಎಲ್ಲೂ ಬೇಡ ಅಂತ ಇರಲಿಲ್ಲ, ಹೂಂ ಅಂತಲೂ ಇರಲಿಲ್ಲ. ಎನ್ ಆ ವರ್ಷದ ದೊಡ್ಡ ಸಮ್ಮೇಳನ ಬಿಟ್ಟರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಮೊದಲ ತಿರುವು ಇದು. ಕಿರಿಯ ವಿಜ್ಞಾನಿಗೆ ಸಮ್ಮೇಳನ ಬಿಡುವುದು ಸುಮ್ನೆ ಅಲ್ಲ. ಮುಂದಿನ ಕೆಲಸ ಸಿಗುವುದು ಅಲ್ಲಿಯೇ.

ಒಂದು ಗಂಟೆ ಅಂದರೆ ಎಷ್ಟು ಹೊತ್ತು

ವಿದ್ಯಾರ್ಥಿನಿಯನ್ನು ‘ಆರ್’ ಅನ್ನೋಣ. ಅವಳು ಆರು ವಾರಕ್ಕೆ ಹೋದಳು. ಮೊದಲ ವಾರ ಅವಳಿಗೆ ಕೊಟ್ಟ ಕೆಲಸ ಒಂದೇ: ಕೈಗೆ ಏನೂ ಮುಟ್ಟದೆ, ನೋಟ್‌ಬುಕ್ ಹಿಡಿದು, ಎನ್ ಮಾಡುವುದನ್ನು ನೋಡುವುದು.

ಪೊರೆಯಿಂದ ಪ್ರೋಟೀನನ್ನು ಬಿಡಿಸಲು ಡಿಟರ್ಜೆಂಟ್ ಹಾಕಿ, ಶೀತಕೋಣೆಯಲ್ಲಿ 4 ಡಿಗ್ರಿಯಲ್ಲಿ ಕಲಕುತ್ತಾ ಇಡಬೇಕು. ವಿಧಾನದಲ್ಲಿ ಬರೆದಿದ್ದು ‘1 ಗಂಟೆ ಮೆಲ್ಲಗೆ ಕಲಕಿ’. ಆರ್ ನೋಡಿದಾಗ ಎನ್ ಗಡಿಯಾರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆಗಾಗ ಬೀಕರನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಮೊದಲು ದ್ರಾವಣ ಹಾಲಿನ ಹಾಗೆ ಮಸುಕಾಗಿರುತ್ತದೆ. ಪೊರೆ ಕರಗುತ್ತಾ ಬಂದ ಹಾಗೆ ತಿಳಿಯಾಗುತ್ತದೆ. ಹಿಂದಿಟ್ಟ ಬೆರಳು ಮಬ್ಬಾಗಿ ಕಾಣತೊಡಗಿದ ಕೂಡಲೇ ಎನ್ ನಿಲ್ಲಿಸುತ್ತಿದ್ದರು. ಒಂದು ದಿನ ನಲವತ್ತು ನಿಮಿಷಕ್ಕೆ, ಇನ್ನೊಂದು ದಿನ ಒಂದೂವರೆ ಗಂಟೆಗೆ. ಯಾಕೆ ನಿಲ್ಲಿಸಿದಿರಿ ಅಂದರೆ, ಆಯ್ತಲ್ಲ ಅನ್ನೋ ಉತ್ತರ. ತಾವು ಹೀಗೆ ಮಾಡುತ್ತೇವೆ ಅಂತ ಅವರಿಗೇ ಗೊತ್ತಿರಲಿಲ್ಲ. ಹಳೇ ಲ್ಯಾಬಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಅಲಾರಂ ಇಟ್ಟು ನಿಖರವಾಗಿ ಒಂದು ಗಂಟೆ ಕಲಕುತ್ತಿದ್ದರು. ಅಲ್ಲಿ ಕೆಡುತ್ತಿದ್ದದ್ದು ಇದಕ್ಕೆ.

ಹಾಗಾದರೆ ಹೊಸ ಲ್ಯಾಬಿನಲ್ಲಿ ಎನ್ ಕೈಯಲ್ಲೇ ಯಾಕೆ ಕೆಡುತ್ತಿತ್ತು? ಇದನ್ನೂ ಆರ್ ಕಂಡುಹಿಡಿದಳು, ಅದೂ ಕಿವಿಯಿಂದ. ಹೊಸ ಲ್ಯಾಬಿನ ಕಲಕುವ ಯಂತ್ರದ ಸದ್ದು ಜಾಸ್ತಿ ಅಂದಳು. ಡಯಲ್ ಎರಡೂ ಕಡೆ ‘2’ರಲ್ಲೇ ಇತ್ತು. ಆದರೆ ಈ ಯಂತ್ರದ 2 ಅಂದರೆ ಆ ಯಂತ್ರದ 4ಕ್ಕಿಂತ ಜೋರು. ಅಂಚಿನಲ್ಲಿ ತೆಳ್ಳಗೆ ನೊರೆ ಬರುತ್ತಿತ್ತು. ನೊರೆ ಅಂದರೆ ಗಾಳಿ ಮತ್ತು ನೀರು ಸೇರುವ ಅಂಚು ಹೆಚ್ಚಾದಂತೆ. ಪ್ರೋಟೀನು ಅಲ್ಲಿಗೆ ಹೋಗಿ ಬಿಚ್ಚಿಕೊಂಡು ಕೆಡುತ್ತದೆ. ಯಂತ್ರ ಬದಲಿಸಿದರು. ಮುಂದಿನ ಬ್ಯಾಚಿನಲ್ಲಿ ಗುಡ್ಡ ಕರಗಿ ಶಿಖರ ಬಂತು.

ಇಷ್ಟೇನಾ ಅನ್ನಿಸಬಹುದು. ಇಷ್ಟೇ. ವಿಜ್ಞಾನದಲ್ಲಿ ಇಂಥದು ಅಪರೂಪವೂ ಅಲ್ಲ. ನೀಲಮಣಿ ಹರಳು ಎಷ್ಟು ಹೊತ್ತು ಕಂಪಿಸುತ್ತದೆ ಅಂತ ಮಾಸ್ಕೋದ ಒಂದು ತಂಡ ಅಳೆದಿತ್ತು. ಆ ಅಳತೆ ಪಶ್ಚಿಮದ ಯಾವ ಲ್ಯಾಬಿಗೂ ಸುಮಾರು 20 ವರ್ಷ ಸಿಗಲಿಲ್ಲ. ಕೊನೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1999ರಲ್ಲಿ ಅದು ಸಾಧ್ಯವಾಯಿತು. ಅದಕ್ಕೆ ಮುಂಚೆ ಎರಡೂ ತಂಡದವರು ಒಬ್ಬರ ಲ್ಯಾಬಿಗೆ ಒಬ್ಬರು ಹೋಗಿ ಇದ್ದು ಬಂದಿದ್ದರು. ಹರಳನ್ನು ನೇತುಹಾಕುವ ದಾರಕ್ಕೆ ತೆಳುವಾಗಿ ಜಿಡ್ಡು ಸವರುವುದೂ ಆ ಕೈಚಳಕದ ಭಾಗವಾಗಿತ್ತು. ದಾರವನ್ನು ಮೂಗಿನ ಮೇಲೆ ಎಳೆದು ಮೈಯ ಜಿಡ್ಡು ಹಿಡಿಸುವುದೂ ಅದರಲ್ಲಿ ಒಂದು ರೀತಿ! ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ ಇದನ್ನು ಪಕ್ಕದಲ್ಲೇ ನಿಂತು ನೋಡಿ ದಾಖಲಿಸಿದ್ದಾರೆ. ಇಂಥದ್ದನ್ನು ಪೇಪರಿನ ವಿಧಾನ ಭಾಗದಲ್ಲಿ ಯಾರು ಬರೆಯುತ್ತಾರೆ?

ಉಳಿದ ವಾರಗಳಲ್ಲಿ ಆರ್ ಇನ್ನೊಂದು ಕೈಕೆಲಸ ಕಲಿತಳು. ಮೈಕ್ರೋಸ್ಕೋಪಿಗೆ ಹಾಕುವ ಗ್ರಿಡ್ ಅಂದರೆ 3 ಮಿಲಿಮೀಟರ್ ಅಗಲದ ಲೋಹದ ಜಾಲರಿ. ಅದರ ಮೇಲೆ ಹನಿ ಬಿಟ್ಟು, ಹೀರುಕಾಗದದಿಂದ ಒತ್ತಿ, ದ್ರವ ನೈಟ್ರೋಜನ್ನಿನಿಂದ ತಂಪಾಗಿಟ್ಟ ದ್ರವ ಈಥೇನಿಗೆ ಚಕ್ಕಂತ ಮುಳುಗಿಸಬೇಕು. ಕಾಗದ ಒಂದು ಸೆಕೆಂಡು ಜಾಸ್ತಿ ಒತ್ತಿದರೆ ಪ್ರೋಟೀನೇ ಉಳಿಯುವುದಿಲ್ಲ, ಕಡಿಮೆ ಒತ್ತಿದರೆ ಹೆಪ್ಪುಗಟ್ಟಿದ ನೀರಿನ ಪದರ ದಪ್ಪವಾಗಿ ಏನೂ ಕಾಣುವುದಿಲ್ಲ. ಹಳೇ ಲ್ಯಾಬಿನಲ್ಲಿ ಇದು ಗೊತ್ತಿದ್ದವರು ಯಾರೂ ಇರಲಿಲ್ಲ. ಅವಳು ವಾಪಸ್ ಬಂದಳು. ಗುರುವಿನ ಭಯ ಈ ಸಲ ನಿಜವಾಗಲಿಲ್ಲ.

ಕೊನೆಯ ಹೆಸರು ಯಾರದು

ಪ್ರೋಟೀನು ಬಂದ ಮೇಲೆ ರಚನೆ ಬೇಗ ಬಂತು. ರಚನೆ ಬಂದ ಮೇಲೆ ಜಗಳ ಬಂತು.

ಜೀವವಿಜ್ಞಾನದ ಪೇಪರುಗಳಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಲ್ಯಾಬಿನ ಮುಖ್ಯಸ್ಥರದು. ಇಲ್ಲಿ ಮುಖ್ಯಸ್ಥರು ಇಬ್ಬರು. ಪ್ರೋಟೀನು ನಮ್ಮಲ್ಲಿ ಹತ್ತು ವರ್ಷದ ಶ್ರಮ ಅಂತ ಗುರು, ರಚನೆ ಬಿಡಿಸಿದ್ದು ಇಲ್ಲಿ ಅಂತ ಮುಖ್ಯಸ್ಥೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಡುವೆ ಸಿಕ್ಕಿಕೊಂಡವರು ಎನ್. ಅವರ ಸಮಸ್ಯೆ ಇನ್ನೂ ಸೂಕ್ಷ್ಮ: ಯಾರ ಹೆಸರು ಕೊನೆಗೆ ಬಂದರೂ ಎನ್ ಇನ್ನೊಬ್ಬರ ನೆರಳಲ್ಲೇ ಇರುತ್ತಾರೆ. ಗಡಿ ದಾಟಿದವರಿಗೆ ಒಬ್ಬರ ಬದಲು ಇಬ್ಬರು ಹಿರಿಯರು ಸಿಗುತ್ತಾರೆ ಅನ್ನೋದನ್ನು ಸಹಯೋಗದ ಗುಣಗಾನ ಮಾಡುವವರು ಹೇಳುವುದಿಲ್ಲ.

ಒಂದು ತಿಂಗಳು ಪೇಪರು ಮೇಜಿನ ಮೇಲೇ ಇತ್ತು. ಆಮೇಲೆ ಎನ್ ಒಂದು ಪುಟದ ಟಿಪ್ಪಣಿ ಬರೆದು ಇಬ್ಬರಿಗೂ ಕಳಿಸಿದರು. ಈ ಪೇಪರಿನಲ್ಲಿ ಕೊನೆಯ ಹೆಸರು ಮುಖ್ಯಸ್ಥೆಯದು, ಗುರು ಜಂಟಿ ಸಂಪರ್ಕ ಲೇಖಕರು, ಅಂದರೆ ಪೇಪರಿನ ಬಗ್ಗೆ ಪತ್ರವ್ಯವಹಾರಕ್ಕೆ ಅವರ ಹೆಸರೂ ಇರುತ್ತದೆ. ಪ್ರೋಟೀನಿನ ಕೆಲಸದ ಬಗ್ಗೆ ಬರುವ ಮುಂದಿನ ಪೇಪರಿನಲ್ಲಿ ಕೊನೆಯ ಹೆಸರು ಗುರುವಿನದು. ಮೂರನೆಯ ಸಾಲು ಮುಖ್ಯವಾದದ್ದು. ಈ ಪಂಪ್ ಪ್ರೋಟೀನನ್ನು ನಿಯಂತ್ರಿಸುವ ಇನ್ನೊಂದು ಪುಟ್ಟ ಪ್ರೋಟೀನು ಇತ್ತು. ಅದು ಆಕಸ್ಮಿಕವಾಗಿ ಚಿತ್ರಗಳಲ್ಲಿ ಅಂಟಿಕೊಂಡು ಕಂಡಿತ್ತು. ಅದರ ಕೆಲಸ ಪೂರ್ತಿ ಎನ್‌ದು, ಎಲ್ಲಿಗೆ ಹೋದರೂ ಎನ್ ಜೊತೆಗೇ ಹೋಗುತ್ತದೆ.

ಮುಖ್ಯಸ್ಥೆ ಮೂರನೆಯ ಸಾಲಿಗೆ ಒಪ್ಪಿದ್ದು ನನಗೆ ಇವತ್ತಿಗೂ ದೊಡ್ಡ ವಿಷಯ. ಆ ಪುಟ್ಟ ಪ್ರೋಟೀನೇ ಅಲ್ಲಿ ಎಲ್ಲಕ್ಕಿಂತ ರುಚಿಯಾದ ತುಂಡು, ಅವರಿಗೂ ಅದು ಗೊತ್ತಿತ್ತು. ಯಾಕೆ ಬಿಟ್ಟಿರಿ ಅಂತ ಆಮೇಲೆ ಕೇಳಿದೆ. ಕೈಲಿ ಏನೂ ಇಲ್ಲದೆ ಹೋದವರು ಮತ್ತೆ ಫೋನ್ ಮಾಡುವುದಿಲ್ಲ ಅಂದರು. ಲೆಕ್ಕಾಚಾರದ ಮಾತು, ಆದರೆ ಸರಿಯಾದ ಲೆಕ್ಕಾಚಾರ.

ವಾಪಸ್, ಮತ್ತೆ ಒಂದು ಇಳಿಜಾರು

ಮೂರು ವರ್ಷಕ್ಕೆ ಎನ್ ವಾಪಸ್ ಬಂದರು. ಹೊರದೇಶದಲ್ಲಿ ಉಳಿಯುವ ಅವಕಾಶ ಇತ್ತು. ಬಂದದ್ದಕ್ಕೆ ಕಾರಣ ವೈಯಕ್ತಿಕ, ಅದನ್ನು ಇಲ್ಲಿ ಬಿಡುತ್ತೇನೆ. ವಾಪಸ್ ಬಂದ ಕೂಡಲೇ ಪ್ರಕಟಣೆ ಮತ್ತೆ ಇಳಿಯಿತು. ಹೊಸ ಕೋಣೆ, ಹೊಸ ಅನುದಾನದ ಅರ್ಜಿ, ಪಾಠ. ಆದರೆ ಈ ಸಲ ಇಳಿಜಾರು ಗಿಡ್ಡದು. ಆರ್ ಗ್ರಿಡ್ ಮಾಡಲು ಕಲಿತಿದ್ದರಿಂದ ಮಾದರಿಗಳು ಇಲ್ಲೇ ತಯಾರಾಗುತ್ತಿದ್ದವು, ಹೆಪ್ಪುಗಟ್ಟಿಸಿದ ಗ್ರಿಡ್ಡುಗಳು ದ್ರವ ನೈಟ್ರೋಜನ್ ತಾಪಮಾನ ಕಾಯುವ ಪಾತ್ರೆಯಲ್ಲಿ ಹೊರದೇಶಕ್ಕೆ ಹೋಗುತ್ತಿದ್ದವು. ಆ ಪಾತ್ರೆ ಕಸ್ಟಮ್ಸಿನಲ್ಲಿ ನಾಲ್ಕು ದಿನ ಕೂತರೂ ತಡೆಯುತ್ತದೆ. ಆ ಕಡೆಯಿಂದಲೂ ಒಬ್ಬ ವಿದ್ಯಾರ್ಥಿ ಪ್ರೋಟೀನ್ ಕಲಿಯಲು ಬಂದು ಹೋದ.

ಹೊರಗೆ ಇದ್ದು ಬಂದವರಿಗೆ ಸಂಪರ್ಕ ತಾನಾಗಿ ಉಳಿಯುತ್ತದೆ ಅಂತ ಅನೇಕರು ನಂಬುತ್ತಾರೆ. 2011ರಲ್ಲಿ 16 ದೇಶಗಳ ವಿಜ್ಞಾನಿಗಳನ್ನು ಕೇಳಿದ ಗ್ಲೋಬ್‌ಸೈ ಸಮೀಕ್ಷೆಯಲ್ಲಿ, ವಲಸೆ ಹೋದವರಲ್ಲಿ ತಮ್ಮ ಮೂಲ ದೇಶದವರ ಜೊತೆ ಸಂಶೋಧನೆಯ ನಂಟು ಇಟ್ಟುಕೊಂಡಿದ್ದೇವೆ ಅಂದವರು ಸುಮಾರು ಶೇ 40. ಅರ್ಧಕ್ಕಿಂತ ಕಡಿಮೆ. ಹತ್ತಿರ ಇಲ್ಲದಿದ್ದರೆ ನಂಟು ಸಡಿಲವಾಗುವುದೇ ಸಹಜ. ಪ್ಯಾರಿಸ್ಸಿನ ಜುಸ್ಸಿಯೂ ಕ್ಯಾಂಪಸ್ಸಿನಲ್ಲಿ ಕಟ್ಟಡಗಳಿಂದ ಆಸ್‌ಬೆಸ್ಟಾಸ್ ತೆಗೆಯಲು ವರ್ಷಗಟ್ಟಲೆ ಲ್ಯಾಬುಗಳನ್ನು ಅಲ್ಲಿಂದಿಲ್ಲಿಗೆ ಸ್ಥಳಾಂತರಿಸಿದರು. ಹಾಗೆ ಆಕಸ್ಮಿಕವಾಗಿ ಅಕ್ಕಪಕ್ಕ ಬಂದ ಲ್ಯಾಬುಗಳು ಜೊತೆಯಾಗಿ ಕೆಲಸ ಮಾಡುವ ಸಾಧ್ಯತೆ 3.5 ಪಟ್ಟು ಹೆಚ್ಚಿತು ಅಂತ ಕ್ರಿಶ್ಚಿಯನ್ ಕಟಲೀನಿ ಲೆಕ್ಕ ಹಾಕಿದ್ದಾರೆ. ಒಂದೇ ಕ್ಯಾಂಪಸ್ಸಿನೊಳಗೇ ಹೀಗಾದರೆ, ಸಮುದ್ರ ದಾಟಿದ ನಂಟಿಗೆ ಯಾರಾದರೂ ಹೋಗಿ ಬರುತ್ತಿರಲೇಬೇಕು. ಎನ್ ಪ್ರಕರಣದಲ್ಲಿ ಹೋಗಿ ಬಂದವರು ವಿದ್ಯಾರ್ಥಿಗಳು. ಮುಖ್ಯಸ್ಥರ ಮಟ್ಟದ ಭೇಟಿಗಳೂ ನಡೆದವು, ಒಳ್ಳೆಯ ಊಟಗಳಾದವು. ಪ್ರಯೋಗದಲ್ಲಿ ಏನಾದರೂ ಬದಲಾದದ್ದು ವಿದ್ಯಾರ್ಥಿಗಳು ಬಂದು ಹೋದಾಗಲೇ.

ಲೆಕ್ಕ ಹಾಕುವ ರೀತಿ

ಮುಂದಿನ ಪರಿಶೀಲನೆಗೆ ಎನ್ ಫೈಲು ಬಂದಾಗ ಚಿತ್ರ ತಿರುಗಿತ್ತು. ಪೇಪರುಗಳ ಸಂಖ್ಯೆ ಹೋಗುವ ಮುಂಚಿಗಿಂತ ಹೆಚ್ಚು. ವಾಪಸ್ ಕರೆಸಿ ಅಂದಿದ್ದ ಸದಸ್ಯರೇ ಮೊದಲು ಹೊಗಳಿದರು.

ನಾನು ಒಂದು ಸಣ್ಣ ಲೆಕ್ಕ ಮಾಡಿದೆ. ಪ್ರತಿ ಪೇಪರನ್ನು ಲೇಖಕರ ಸಂಖ್ಯೆಯಿಂದ ಭಾಗಿಸಿ, ಎನ್ ಪಾಲು ಕೂಡಿಸಿದೆ. ಹೋಗುವ ಮುಂಚೆ ಪೇಪರಿಗೆ ನಾಲ್ಕೈದು ಹೆಸರು, ಈಗ ಹತ್ತು ದಾಟುತ್ತದೆ. ಹಾಗೆ ಭಾಗಿಸಿದರೆ ಎನ್ ಪಾಲು ಮೊದಲಿನಷ್ಟೇ, ಸ್ವಲ್ಪ ಕಡಿಮೆ ಅಂದರೂ ತಪ್ಪಲ್ಲ. ಹಾಗಾದರೆ ಉತ್ಪಾದಕತೆ ಹೆಚ್ಚಲಿಲ್ಲವಾ? ನನ್ನ ಉತ್ತರ: ಪಾಲಿನ ಲೆಕ್ಕದಲ್ಲಿ ಹೆಚ್ಚಲಿಲ್ಲ, ಕೈಗೆತ್ತಿಕೊಳ್ಳಬಹುದಾದ ಪ್ರಶ್ನೆಯ ಗಾತ್ರ ಹೆಚ್ಚಿತು. ಪಂಪಿನ ರಚನೆ ಎರಡರಲ್ಲಿ ಯಾವ ಒಂದು ಲ್ಯಾಬಿಗೂ ಒಂಟಿಯಾಗಿ ಆಗುತ್ತಿರಲಿಲ್ಲ. ಇದನ್ನು ನಮೂನೆಯ ಯಾವ ಕಾಲಮ್ಮಿನಲ್ಲೂ ತುಂಬಲು ಬರುವುದಿಲ್ಲ. ಹಾಗೇ, ಹಳೇ ಲ್ಯಾಬು ಆ ಒಂದೂವರೆ ವರ್ಷ ಕಳೆದುಕೊಂಡದ್ದನ್ನೂ ಯಾರೂ ಎನ್ ಖಾತೆಗೆ ಹಾಕಲಿಲ್ಲ, ಗುರುವಿನ ಖಾತೆಗೆ ಹಾಕಿದರು. ಅದೂ ಸರಿಯಲ್ಲ.

ಇನ್ನು ಆ ಸೂಕ್ಷ್ಮಜೀವಿ ತಜ್ಞರು. ಎನ್ ಹೋದ ಮೇಲೆ ಅವರ ಜೊತೆಗಿದ್ದ ಕೆಲಸ ಅರ್ಧಕ್ಕೆ ನಿಂತಿತು. ಜಗಳವೇನಿಲ್ಲ. ಹೊಸ ಒಪ್ಪಂದದಲ್ಲಿ ಅವರ ಹೆಸರು ಬರುವ ಪ್ರಶ್ನೆಯೇ ಏಳಲಿಲ್ಲ, ವಿಡಿಯೋ ಕರೆಗೆ ಅವರನ್ನು ಕರೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅವರು ಇನ್ನೊಂದು ಗುಂಪಿನ ಜೊತೆ ಸೇರಿದರು. ಎನ್ ವಾಪಸ್ ಬಂದಾಗ ಬೇಕಾಗಿದ್ದದ್ದು ಅವರದೇ ಪರಿಣತಿ: ರಚನೆ ಗೊತ್ತಾದ ಮೇಲೆ ಜೀವಂತ ಬ್ಯಾಕ್ಟೀರಿಯಾದಲ್ಲಿ ಪಂಪು ಹೇಗೆ ನಡೆದುಕೊಳ್ಳುತ್ತದೆ ಅಂತ ಪರೀಕ್ಷಿಸಬೇಕಿತ್ತು. ಅದನ್ನು ಕೊನೆಗೆ ಮೂರನೇ ದೇಶದ ಒಂದು ಲ್ಯಾಬು ಮಾಡಿಕೊಟ್ಟಿತು. ಎನ್ ಅವರ ಅಂತರರಾಷ್ಟ್ರೀಯ ಸಹಲೇಖಕರ ಪಟ್ಟಿ ಉದ್ದವಾಯಿತು, ಅಂಕವೂ ಸಿಕ್ಕಿತು. ಎರಡು ನಿಮಿಷ ನಡೆದರೆ ಸಿಗುತ್ತಿದ್ದವರು ಆ ಪಟ್ಟಿಯಲ್ಲಿ ಇಲ್ಲ.

ಈಗ ಎರಡು ಲ್ಯಾಬುಗಳ ಒಪ್ಪಂದ ಮತ್ತೆ ನವೀಕರಣವಾಗಿದೆ. ಹೋದ ಸಲ ಆ ಕಡೆಯ ವಿದ್ಯಾರ್ಥಿಗೆ ವೀಸಾ ಸಿಗಲು ತಗುಲಿದ ಸಮಯ ಅವನು ಇಲ್ಲಿ ಇದ್ದ ಸಮಯಕ್ಕಿಂತ ಜಾಸ್ತಿಯಾಗಿತ್ತು. ಹಾಗಾಗಿ ಆಹ್ವಾನ ಪತ್ರ ಆರು ತಿಂಗಳು ಮುಂಚೆ ಹೊರಡಬೇಕು ಅಂತ ಸೇರಿಸಿದ್ದಾರೆ. ವಿದ್ಯಾರ್ಥಿ ವಿನಿಮಯಕ್ಕೆ ಸಮ್ಮೇಳನದ ಹಣ ಬಳಸಬಹುದು ಅಂತಲೂ ಈ ಸಲ ಬರವಣಿಗೆಯಲ್ಲಿ ಬಂದಿದೆ. ನಮ್ಮ ಸಮಿತಿಯ ನಮೂನೆ ಮಾತ್ರ ಹಳೆಯದೇ. ರಜೆಯ ಮೊದಲ ಹದಿನೆಂಟು ತಿಂಗಳನ್ನು ಎಣಿಕೆಯಿಂದ ಬಿಡಿ ಅಂತ ನಾನು ಬರೆದುಕೊಟ್ಟ ಸಲಹೆ ಚರ್ಚೆಯಲ್ಲಿದೆ. ಸದ್ಯಕ್ಕೆ ‘ಇತರ ಟಿಪ್ಪಣಿ’ ಅಂತ ಒಂದು ಖಾಲಿ ಜಾಗ ಕೊಟ್ಟಿದ್ದಾರೆ.